ಗಸ್ತು ಕಾರಿನ ಮುಂದಿನ ಎರಡು ಸೀಟು

ಇಬ್ಬರು ಗಸ್ತು ಪೊಲೀಸರ ಒಂದು ರಾತ್ರಿಯ ಡ್ಯೂಟಿ. ನನ್ನ ಕಿರುಚಿತ್ರದ ಕಥೆ ಇಷ್ಟೇ. 18 ನಿಮಿಷದಲ್ಲಿ 12 ನಿಮಿಷ ಕಾರಿನೊಳಗೇ ನಡೆಯುತ್ತದೆ.

ಮೊದಲ ದಿನ ತೆಗೆದ ಒಂದು ಶಾಟ್ ಕೂಡ ಉಳಿಸಿಕೊಳ್ಳಲಿಲ್ಲ. ಬೆಳಕು ಚೆನ್ನಾಗಿತ್ತು, ಫ್ರೇಮ್ ಚೆನ್ನಾಗಿತ್ತು. ಆದರೆ ನನ್ನ ನಟರಿಬ್ಬರೂ ಆರು ವರ್ಷ ಜೊತೆಗೆ ಡ್ಯೂಟಿ ಮಾಡಿದವರ ಹಾಗೆ ಕಾಣಲೇ ಇಲ್ಲ. ಒಬ್ಬರ ಡೈಲಾಗ್ ಮುಗಿಯುವವರೆಗೆ ಇನ್ನೊಬ್ಬರು ಮರ್ಯಾದೆಯಿಂದ ಕಾಯುತ್ತಿದ್ದರು. ಹಳೇ ಜೊತೆಗಾರರು ಹಾಗೆ ಮಾತಾಡ್ತಾರಾ?

ಆಗ 2012ರ 'ಎಂಡ್ ಆಫ್ ವಾಚ್' ಸಿನಿಮಾ ಮತ್ತೆ ನೋಡಿದೆ. ಲಾಸ್ ಏಂಜಲಿಸ್‌ನ ಸೌತ್ ಸೆಂಟ್ರಲ್‌ನಲ್ಲಿ ಗಸ್ತು ತಿರುಗುವ ಇಬ್ಬರ ಕಥೆ, ಡೇವಿಡ್ ಏಯರ್ ಬರೆದು ನಿರ್ದೇಶಿಸಿದ್ದು. ಆ ಪಾತ್ರ ಮಾಡಿದ ಜೇಕ್ ಜಿಲೆನ್‌ಹಾಲ್ ಮತ್ತು ಮೈಕಲ್ ಪೆನ್ಯಾ ಸುಮಾರು 5 ತಿಂಗಳು ತಯಾರಿ ಮಾಡಿದ್ದರು, ನಿಜವಾದ ಪೊಲೀಸರ ಜೊತೆ ಕಾರಿನಲ್ಲಿ ಸುತ್ತಿದ್ದರು. ಶೂಟಿಂಗ್ ಮಾತ್ರ 22 ದಿನ. ನಾನು ಎಡವಿದ್ದು ಎಲ್ಲಿ ಅಂತ ಈ ಲೆಕ್ಕದಲ್ಲೇ ಗೊತ್ತಾಯಿತು.

ನನಗೆ ಇದ್ದದ್ದು ಎರಡು ವಾರ. ದಿನಾ ರಾತ್ರಿ ಮೂರು ಗಂಟೆ ಇಬ್ಬರನ್ನೂ ನಿಂತ ಕಾರಿನಲ್ಲಿ ಕೂರಿಸಿದೆ. ಸ್ಕ್ರಿಪ್ಟ್ ಇಲ್ಲ, ಫೋನ್ ಇಲ್ಲ. ಮೊದಲ ಎರಡು ರಾತ್ರಿ ಸುಮ್ನೆ ಕೂತಿದ್ದರು. ನಾಲ್ಕನೇ ರಾತ್ರಿ ಜಗಳ ಶುರುವಾಯಿತು, ಕಿಟಕಿ ಗಾಜು ಎಷ್ಟು ಇಳಿಸಬೇಕು ಅಂತ! ಒಂಬತ್ತನೇ ರಾತ್ರಿ ಹಿರಿಯ ನಟ ರಸ್ತೆ ನೋಡುತ್ತಲೇ ಕೈ ಚಾಚಿದರು. ಪಕ್ಕದವನು ಮಾತು ನಿಲ್ಲಿಸದೆ ನೀರಿನ ಬಾಟಲಿ ಮುಚ್ಚಳ ತಿರುವಿ ಆ ಕೈಗೆ ಕೊಟ್ಟ. ಇಬ್ಬರಿಗೂ ಅದರ ಅರಿವೇ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೆ ಕಣ್ಣು ತುಂಬಿ ಬಂತು.

ಆ ಸಿನಿಮಾದಲ್ಲಿ ಇಬ್ಬರ ಎದೆಗೂ ಪುಟ್ಟ ಕ್ಯಾಮೆರಾ ಸಿಕ್ಕಿಸಿರುತ್ತಾರೆ. ನಾನೂ ಹಾಗೇ ಮಾಡಿದೆ. ಓಡುವಾಗ ಚಿತ್ರ ಕುಲುಕಿದರೆ ಪರವಾಗಿಲ್ಲ. ಆದರೆ ಯೂನಿಫಾರ್ಮ್ ಮೈಕಿಗೆ ಉಜ್ಜುವ ಸದ್ದು ಡೈಲಾಗನ್ನೇ ನುಂಗಿತು. ಕಾರಿನೊಳಗಾದರೂ ಮೈಕನ್ನು ಸನ್ ವೈಸರ್ ಹಿಂದೆ ಸಿಕ್ಕಿಸಿದ ಮೇಲೆ ಸರಿಹೋಯಿತು. ಡ್ಯಾಶ್‌ಬೋರ್ಡ್ ಮೇಲೆ ಎರಡು ಕ್ಯಾಮೆರಾ, ಒಬ್ಬೊಬ್ಬರಿಗೆ ಒಂದು, ಎರಡೂ ಒಟ್ಟಿಗೇ ರೋಲ್ ಆಗಬೇಕು. ಬೇರೆ ಬೇರೆ ತೆಗೆದರೆ ಮಾತಿನ ಮೇಲೆ ಮಾತು ಬಿದ್ದ ಕಡೆ ಎಡಿಟಿಂಗ್‌ನಲ್ಲಿ ಕೂಡಿಸೋಕೆ ಆಗಲ್ಲ. ನಮ್ಮ ಜೀವಾಳ ಇದ್ದದ್ದೇ ಅಲ್ಲಿ, ಅಲ್ವಾ?

ಗುಂಡಿನ ಚಕಮಕಿಯನ್ನು ಮೂರು ನಿಮಿಷಕ್ಕೆ ಬರೆದಿದ್ದೆ. ಕೊನೆಗೆ 40 ಸೆಕೆಂಡ್ ಇಟ್ಟೆ. ಉಳಿದ ಸಮಯ ಕಿಟಕಿ ಗಾಜಿನ ಜಗಳಕ್ಕೆ ಹೋಯಿತು.