ಬಿಗಿ ಕೈ, ಸಡಿಲ ಕೈ: ಉತ್ತರಪತ್ರಿಕೆಗಳ ಅಂಕ ಸಮನಾಗಿಸುವುದು ಹೇಗೆ

ಅಂಕ ಕೊಡುವಾಗ ಕೆಲವು ಮೌಲ್ಯಮಾಪಕರ ಕೈ ಬಿಗಿ, ಕೆಲವರದು ಸಡಿಲ. ಈ ವ್ಯತ್ಯಾಸ ಸರಿಪಡಿಸಲು ಮೊದಲು ನೋಂದಣಿ ಸಂಖ್ಯೆಯ ಜಾಗದಲ್ಲಿ ಸಂಕೇತ ಸಂಖ್ಯೆ ಹಾಕಿ, ಪತ್ರಿಕೆಗಳನ್ನು ಚೆನ್ನಾಗಿ ಬೆರೆಸಿ ಬಂಡಲ್ ಕಟ್ಟಿ. ಬೆರೆಸುವುದನ್ನು ಹಗುರವಾಗಿ ಕಾಣಬೇಡಿ. ಎಲ್ಲ ಬಂಡಲ್‌ಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಸರಾಸರಿಗಳನ್ನು ಹೋಲಿಸಬಹುದು; ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮಾದರಿ ಉತ್ತರದಲ್ಲಿ ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಬಿಡಿಸಿ ಬರೆಯಿರಿ: 10 ಅಂಕದ ಪ್ರಶ್ನೆಯಲ್ಲಿ ವಿಷಯಕ್ಕೆ 5, ವಿಶ್ಲೇಷಣೆಗೆ 3, ನಿರೂಪಣೆಗೆ 2 ಎಂಬಂತೆ. ನಂತರ ಒಂದೇ ಉತ್ತರದ ಜೆರಾಕ್ಸ್ ಪ್ರತಿಯನ್ನು ಎಲ್ಲ ಮೌಲ್ಯಮಾಪಕರಿಗೂ ಕೊಟ್ಟು ಅಂಕ ಹಾಕಿಸಿ. ಒಬ್ಬರು 4, ಇನ್ನೊಬ್ಬರು 7 ಕೊಟ್ಟಿದ್ದರೆ, ಕಾರಣ ಸ್ಪಷ್ಟವಾಗುವವರೆಗೆ ಬಂಡಲ್ ಬಿಚ್ಚಬೇಡಿ.

ಬಂಡಲ್‌ನ ಎಲ್ಲ ಪತ್ರಿಕೆಗಳ ಮೊದಲ ಪ್ರಶ್ನೆಗೆ ಅಂಕ ಹಾಕಿ ಮುಗಿಸಿ ಎರಡನೆಯದಕ್ಕೆ ಹೋಗಿ. ಇಲ್ಲವಾದರೆ ಮೊದಲ ಉತ್ತರದ ಮೆಚ್ಚುಗೆ ಉಳಿದವಕ್ಕೂ ಅಂಟುತ್ತದೆ. ಅದೇ ಪತ್ರಿಕೆಯನ್ನು ಇನ್ನೊಮ್ಮೆ ಓದುವ ಎರಡನೇ ಮೌಲ್ಯಮಾಪಕರಿಗೆ ಮೊದಲಿನವರು ಕೊಟ್ಟ ಅಂಕ ಕಾಣಲೇಬಾರದು. ಕಂಡರೆ ಎರಡನೇ ಓದು ಬರೀ ರುಜು.

ಒಬ್ಬ ಮೌಲ್ಯಮಾಪಕರು ಕೊಟ್ಟ ಅಂಕಗಳ ಸರಾಸರಿ 90, ಎಲ್ಲ ಮೌಲ್ಯಮಾಪಕರದು ಸೇರಿ 105 ಇದೆಯೆಂದು 15 ಅಂಕ ಕೂಡಿಸುವ ಆತುರ ಬೇಡ. ಅವರಿಗೆ ಸಿಕ್ಕ ಬಂಡಲ್ಲೇ ದುರ್ಬಲವಾಗಿರಬಹುದು. ಅದರಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಅಂಕ ಬಂದ ಕೆಲವು ಪತ್ರಿಕೆಗಳನ್ನು ಮುಖ್ಯ ಮೌಲ್ಯಮಾಪಕರು ಮತ್ತೆ ಓದಲಿ. ಮುಖ್ಯ ಮೌಲ್ಯಮಾಪಕರು ಕೊಟ್ಟ ಅಂಕಕ್ಕೆ ಹೋಲಿಸಿದಾಗ ಮೂರೂ ಹಂತಗಳಲ್ಲಿ ಕೊರತೆ ಒಂದೇ ಸಮ ಇದ್ದರೆ ಮಾತ್ರ ಕೂಡಿಸಿ. ಏರುಪೇರಾಗಿದ್ದರೆ ಇಡೀ ಬಂಡಲ್ ಮರುಮೌಲ್ಯಮಾಪನಕ್ಕೆ ಹೋಗಬೇಕು. ಏನೂ ಬರೆಯದ ಪತ್ರಿಕೆಗೆ ಮಾತ್ರ ಈ ಕೂಡಿಕೆ ಸಲ್ಲದು.