ರೊಟ್ಟಿ ಬಿಡಬೇಡಿ, ಕಾಳುಪಲ್ಯ ಹೆಚ್ಚಿಸಿ

ತೂಕ ಇಳಿಸಬೇಕೆಂದು ಜೋಳದ ರೊಟ್ಟಿಯನ್ನೇ ಬಿಟ್ಟುಬಿಡುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿಯೂ ಇದ್ದಾರೆ. ಅದರ ಅಗತ್ಯವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4 ಕ್ಯಾಲೊರಿಯೇ ಆದರೂ, ಪ್ರೋಟೀನು ಹೆಚ್ಚು ಹೊತ್ತು ಹಸಿವಾಗದಂತೆ ನೋಡಿಕೊಳ್ಳುತ್ತದೆ ಮತ್ತು ತೂಕ ಇಳಿಯುವಾಗ ಸ್ನಾಯುಗಳು ಕರಗುವುದನ್ನು ತಗ್ಗಿಸುತ್ತದೆ. ಆದ್ದರಿಂದ ಮೂರು ರೊಟ್ಟಿ ತಿಂದು ಮೇಲೆ ಅನ್ನ ಉಣ್ಣುವವರು ಎರಡು ರೊಟ್ಟಿಗೆ ನಿಲ್ಲಿಸಿ, ಅನ್ನದ ಬದಲು ಒಂದು ಬಟ್ಟಲು ಮಡಿಕೆಕಾಳಿನ ಅಥವಾ ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಸೌತೆಕಾಯಿ ಮತ್ತು ಗಟ್ಟಿ ಮೊಸರನ್ನು ತಾಟಿಗೆ ಹಾಕಿಕೊಳ್ಳಬೇಕು. ಜೋಳದಲ್ಲಿ ಪ್ರೋಟೀನಿನ ಘಟಕಗಳಲ್ಲೊಂದಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಹೀಗಾಗಿ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಹಿರಿಯರು ಕಟ್ಟಿಕೊಟ್ಟ ಈ ಜೋಡಿ ನಿಜಕ್ಕೂ ದೊಡ್ಡದು.

ಶೇಂಗಾ ಚಟ್ನಿಯ ವಿಷಯದಲ್ಲಿ ಮಾತ್ರ ಕೈ ಬಿಗಿಯಾಗಿರಲಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದ್ದರೂ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದರ ಮೇಲೆ ಒಂದು ದೊಡ್ಡ ಚಮಚ ಎಣ್ಣೆ ಸುರಿದುಕೊಂಡರೆ ಇನ್ನೂ ಸುಮಾರು 120 ಕ್ಯಾಲೊರಿ ಸೇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತಮ್ಮ ಊಟದ ಪ್ರಮಾಣಗಳನ್ನು ಹೀಗೆ ಬದಲಿಸಬಾರದೆಂದು ವಿನಂತಿಸುತ್ತೇನೆ.