ಕಾರು ನೋಡುವ ಮುಂಚೆ ಪ್ಲಗ್ ಎಲ್ಲಿದೆ ನೋಡಿ: ಬ್ರಿಟನ್‌ಗೆ ಹೊರಟಿರುವ ನಮ್ಮ ಹಾಸನದವರಿಗೆ

ಹಾಸನಾಂಬೆ ದರ್ಶನಕ್ಕೆ ಅಂತ ಊರಿಗೆ ಬಂದು ಎರಡು ವಾರ ಆಯಿತು. ಸಾಲಗಾಮೆ ರಸ್ತೆಯ ನಮ್ಮ ಮನೆಗೆ ದಿನಾ ಸಂಜೆ ಯಾರಾದರೂ ಬರುತ್ತಾರೆ. ಒಬ್ಬ ಹುಡುಗ ಇಲ್ಲೇ ಮಲ್ನಾಡ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮಾಡಿದವನು, ಜನವರಿಗೆ ಲೀಡ್ಸ್‌ಗೆ ಹೊರಟಿದ್ದಾನೆ. ಅರಕಲಗೂಡಿನ ಹುಡುಗಿಯೊಬ್ಬಳಿಗೆ ನರ್ಸ್ ಕೆಲಸ ಸಿಕ್ಕಿದೆ. ಬಾಡಿಗೆ ಮನೆ, ಸ್ವೆಟರ್, ಸೋನಾ ಮಸೂರಿ ಎಲ್ಲ ಕೇಳಿ ಮುಗಿದ ಮೇಲೆ ಮಾತು ಕಾರಿಗೆ ಬರುತ್ತದೆ. "ಅಕ್ಕಾ, ಅಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗುತ್ತಂತೆ, ತಗೊಳ್ಳಬಹುದಾ?"

ತಗೊಳ್ಳಬಹುದು. ನಾನು ಲೆಸ್ಟರ್‌ನಲ್ಲಿ ಓಡಿಸುತ್ತಿರುವುದೂ ಅಂಥದ್ದೇ, ಇದು ಎರಡನೆಯದು. ಆದರೆ ನಿಮಗೆ ನನ್ನ ಮೊದಲ ಪ್ರಶ್ನೆ ಇದು: ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ? ಇದಕ್ಕೆ ಉತ್ತರ ಸಿಗುವ ತನಕ ಯಾವ ಕಾರಿನ ಜಾಹೀರಾತನ್ನೂ ತೆರೆಯಬೇಡಿ.

ಯಾಕೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಕರೆಂಟಿನ ಯೂನಿಟ್ ನಮಗೆಲ್ಲ ಗೊತ್ತು, ಸೆಸ್ಕ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ. ಕಾರಿನ ಬ್ಯಾಟರಿಯ ಅಳತೆಯೂ ಅದೇ ಯೂನಿಟ್. ಒಂದು ಯೂನಿಟ್‌ಗೆ ಕಾರು ಸುಮಾರು 3.5 ಮೈಲಿ ಓಡುತ್ತದೆ. ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಬ್ರಿಟನ್‌ನಲ್ಲಿ ಎಲೆಕ್ಟ್ರಿಕ್ ಕಾರು ಇರುವವರಿಗೆ ರಾತ್ರಿ ದರ ಬೇರೆಯೇ ಇದೆ, ಯೂನಿಟ್‌ಗೆ 7ರಿಂದ 10 ಪೆನ್ಸ್ ಒಳಗೆ ಸಿಗುತ್ತದೆ. ಅಂದರೆ ಮೈಲಿಗೆ 2-3 ಪೆನ್ಸ್. ರಸ್ತೆ ಬದಿಯಲ್ಲಿ ಬೇಗ ಚಾರ್ಜ್ ಮಾಡುವ ರ‍್ಯಾಪಿಡ್ ಚಾರ್ಜರ್‌ಗಳಲ್ಲಿ ಅದೇ ಯೂನಿಟ್‌ಗೆ 75 ಪೆನ್ಸ್ ಆಸುಪಾಸು ಕೊಡಬೇಕು. ಮೈಲಿಗೆ 21 ಪೆನ್ಸ್ ಆಯಿತು. ಒಂದು ಸಾಧಾರಣ ಪೆಟ್ರೋಲ್ ಕಾರಿಗೆ ಮೈಲಿಗೆ 15 ಪೆನ್ಸ್ ಬೀಳುತ್ತದೆ. ತೆರಿಗೆಯೂ ಹಾಗೇ: ಮನೆಯ ಕರೆಂಟಿಗೆ 5 ಶೇಕಡಾ ವ್ಯಾಟ್, ರಸ್ತೆಯ ಚಾರ್ಜರ್‌ಗೆ 20 ಶೇಕಡಾ. ಹಾಗಾಗಿ ಮನೆಯಲ್ಲಿ ಚಾರ್ಜ್ ಮಾಡಲು ಆದರೆ ಈ ಕಾರಿನಷ್ಟು ಅಗ್ಗದ್ದು ಇನ್ನೊಂದಿಲ್ಲ. ಆಗದಿದ್ದರೆ ಪೆಟ್ರೋಲಿಗಿಂತ ದುಬಾರಿ.

ಇದು ನನಗೆ ಮೊದಲ ಕಾರು ಕೊಂಡ ಮೇಲೆ ಗೊತ್ತಾಯಿತು. ಆಗ ನಾವಿದ್ದದ್ದು ಸಾಲು ಮನೆಗಳ ಬೀದಿಯಲ್ಲಿ. ಬಾಗಿಲು ತೆಗೆದರೆ ಫುಟ್‌ಪಾತ್, ಅದರಾಚೆ ರಸ್ತೆ, ಜಾಗ ಸಿಕ್ಕ ಕಡೆ ಕಾರು. ಫುಟ್‌ಪಾತ್ ಮೇಲೆ ಕೇಬಲ್ ಎಳೆಯುವ ಹಾಗಿಲ್ಲ. ಮಾರಿದವನು "ಊರ ತುಂಬಾ ಚಾರ್ಜರ್ ಇವೆ" ಅಂದಿದ್ದ, ನಂಬಿದೆ. ಆ ಚಳಿಗಾಲವಿಡೀ ವಾರಕ್ಕೆ ಎರಡು ಮೂರು ಸಂಜೆ ಸೂಪರ್ ಮಾರ್ಕೆಟ್‌ನ ಪಾರ್ಕಿಂಗ್‌ನಲ್ಲಿ ಎರಡು ವರ್ಷದ ಮಗಳನ್ನು ಕಂಬಳಿಯಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದೆವು. ಹೀಟರ್ ಹಾಕಿದರೆ ಚಾರ್ಜ್ ಆಗುವುದು ಇನ್ನೂ ತಡ. ನಿಮಗೆ ಅದು ಬೇಡ.

ಹಾಗಾದರೆ ಬಾಡಿಗೆ ಮನೆ ಹುಡುಕುವಾಗಲೇ ಮುಂದೆ ಕಾರು ನಿಲ್ಲಿಸುವ ಸ್ವಂತ ಜಾಗ ಇದೆಯಾ ಅಂತ ಕೇಳಿ. ಅಲ್ಲಿ ಅದಕ್ಕೆ ಡ್ರೈವ್‌ವೇ ಅನ್ನುತ್ತಾರೆ. ಇದ್ದರೆ ಅರ್ಧ ಕೆಲಸ ಮುಗಿಯಿತು. ಗೋಡೆಗೆ ಹಾಕುವ, ಗಂಟೆಗೆ 7 ಯೂನಿಟ್ ತುಂಬುವ 7 ಕಿಲೋವ್ಯಾಟ್ ಚಾರ್ಜರ್‌ಗೆ ಮನೆ ಮಾಲೀಕರ ಒಪ್ಪಿಗೆ ಬೇಕು, ಖರ್ಚೂ ಇದೆ. ಆದರೆ ಹೊಸದಾಗಿ ಹೋದವರಿಗೆ ಮೊದಲ ದಿನವೇ ಅದು ಬೇಕಾಗಿಲ್ಲ. ಸಾಮಾನ್ಯ ಮೂರು ಪಿನ್ ಪ್ಲಗ್‌ನಲ್ಲಿ ಗಂಟೆಗೆ ಸುಮಾರು 2.3 ಯೂನಿಟ್ ಹೋಗುತ್ತದೆ. ರಾತ್ರಿ 10 ಗಂಟೆ ಹಾಕಿಟ್ಟರೆ 23 ಯೂನಿಟ್, ಅಂದರೆ ಸುಮಾರು 80 ಮೈಲಿ. ಹಾಸನದಿಂದ ಮೈಸೂರಿಗೆ ಹೋಗುವಷ್ಟು. ದಿನಾ ಆಫೀಸಿಗೆ ಹೋಗಿ ಬರಲು ಇದು ಬೇಕಾದಷ್ಟಾಯಿತು. ಆದರೆ ಹಳೆ ಮನೆಯಾದರೆ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಹತ್ತು ಗಂಟೆ ಒಂದೇ ಸಮ ಅಷ್ಟು ಕರೆಂಟ್ ಎಳೆದರೆ ಸುತ್ತಿಟ್ಟ ವೈರು ಕರಗಬಹುದು. ಡ್ರೈವ್‌ವೇ ಇಲ್ಲದಿದ್ದರೂ ಕೆಲಸದ ಜಾಗದಲ್ಲಿ ಚಾರ್ಜರ್ ಇದ್ದರೆ ನಡೆಯುತ್ತದೆ. ಎಷ್ಟೋ ಆಸ್ಪತ್ರೆ, ಆಫೀಸುಗಳಲ್ಲಿ ಇವೆ, ದರ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಎರಡೂ ಇಲ್ಲ ಅಂದರೆ ಸದ್ಯಕ್ಕೆ ಒಂದು ಸಣ್ಣ ಪೆಟ್ರೋಲ್ ಕಾರು ತಗೊಳ್ಳಿ, ಮನೆ ಬದಲಾಯಿಸಿದಾಗ ನೋಡೋಣ.

ಈಗ ಕಾರಿಗೆ ಬರೋಣ. ನಮ್ಮ ತಾತ ರಾಮನಾಥಪುರದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿನ ಬಣ್ಣ, ಗೆಜ್ಜೆ ನೋಡುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಎಲೆಕ್ಟ್ರಿಕ್ ಕಾರಿನ ಹಲ್ಲು ಅಂದರೆ ಬ್ಯಾಟರಿ. ಎಷ್ಟು ಮೈಲಿ ಓಡಿದೆ ಅನ್ನುವುದನ್ನೇ ನಮ್ಮವರು ಮೊದಲು ಕೇಳುತ್ತಾರೆ. ಅದೂ ಬೇಕು, ಆದರೆ ಬ್ಯಾಟರಿಗೆ ವಯಸ್ಸು, ಶಾಖ, ಯಾವಾಗಲೂ 100 ಶೇಕಡಾ ತುಂಬಿಸಿ ನಿಲ್ಲಿಸುವ ಅಭ್ಯಾಸ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹೊಸದರಲ್ಲಿ ಎಷ್ಟು ಯೂನಿಟ್ ಹಿಡಿಯುತ್ತಿತ್ತೋ ಅದರಲ್ಲಿ ಈಗ ಎಷ್ಟು ಶೇಕಡಾ ಹಿಡಿಯುತ್ತದೆ, ಅದು ಬ್ಯಾಟರಿಯ ಆರೋಗ್ಯ. ತುಂಬಾ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,00,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಆರೋಗ್ಯ ಸಾಮಾನ್ಯವಾಗಿ 70 ಶೇಕಡಾಕ್ಕಿಂತ ಕೆಳಗೆ ಇಳಿದರೆ ಅವರದೇ ಹೊಣೆ. ಆದ್ದರಿಂದ ಇನ್ನೂ ಎರಡು ಮೂರು ವರ್ಷ ವಾರಂಟಿ ಉಳಿದಿರುವ ಕಾರನ್ನೇ ಹುಡುಕಿ. ಮೊದಲ ಸಲ ಕೊಳ್ಳುವವರಿಗೆ ಅದರಷ್ಟು ನೆಮ್ಮದಿ ಬೇರೆ ಇಲ್ಲ.

ಅಗ್ಗ ಅಂತ ಮೊದಲು ಕಣ್ಣಿಗೆ ಬೀಳುವುದು ನಿಸಾನ್ ಲೀಫ್. 2011ರಲ್ಲಿ ಬ್ರಿಟನ್‌ಗೆ ಬಂತು, 2013ರಿಂದ ಅಲ್ಲೇ ಸಂಡರ್‌ಲೆಂಡ್‌ನಲ್ಲಿ ತಯಾರಾಗುತ್ತಿತ್ತು. ಒಳ್ಳೆ ಗಟ್ಟಿ ಗಾಡಿ. ಆದರೆ ಅದರ ಬ್ಯಾಟರಿಯನ್ನು ತಣ್ಣಗಿಡಲು ನೀರಿನ ವ್ಯವಸ್ಥೆ ಇಲ್ಲ, ಗಾಳಿಯಲ್ಲೇ ತಣಿಯಬೇಕು. ಹಾಗಾಗಿ ಹಳೆಯವು ಬೇಗ ಸೊರಗಿವೆ. ಮೊದಮೊದಲಿನ 24 ಯೂನಿಟ್‌ನ ಲೀಫ್ ಈಗ ಚಳಿಯಲ್ಲಿ 50-60 ಮೈಲಿ ಓಡಿದರೆ ಹೆಚ್ಚು. ಹಾಸನದಿಂದ ಬೇಲೂರಿಗೆ ಹೋಗಿ ಬರಬಹುದು, ಮೈಸೂರು ಮುಟ್ಟುವುದಿಲ್ಲ. ಊರೊಳಗೆ ಮಕ್ಕಳನ್ನು ಶಾಲೆಗೆ ಬಿಡಲು ಅಷ್ಟೇ ಸಾಕು ಅನ್ನುವವರು ಧೈರ್ಯವಾಗಿ ಕೊಳ್ಳಬಹುದು. 2018ರಿಂದ ಬಂದ 40 ಯೂನಿಟ್‌ನದು ಮೇಲು. ಲೀಫ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಆರೋಗ್ಯಕ್ಕೆ 12 ಗೆರೆಗಳಿವೆ. ಆದರೆ ಹಳೆಯವುಗಳಲ್ಲಿ ಆ ಗೆರೆಗಳನ್ನು ರೀಸೆಟ್ ಮಾಡಿ ಮಾರುವವರೂ ಇದ್ದಾರೆ. ಅದಕ್ಕೇ ಲೀಫ್‌ಸ್ಪೈ ಅಂತ ಒಂದು ಆ್ಯಪ್ ಇದೆ. ಸ್ಟೀರಿಂಗ್ ಕೆಳಗಿನ ಕಿಂಡಿಗೆ ಒಂದು ಸಣ್ಣ ಬ್ಲೂಟೂತ್ ಸಾಧನ ಚುಚ್ಚಿದರೆ ಫೋನಿನಲ್ಲಿ ಒಳಗಿನ ವಿವರ ಕಾಣುತ್ತದೆ. ಹಾಗೆ ನೋಡಲು ಮಾರುವವರು ಬಿಡದಿದ್ದರೆ ವಾಪಸ್ ಬನ್ನಿ.

ಲೀಫ್‌ನಲ್ಲಿ ಇನ್ನೊಂದು ತೊಡಕು, ಅದರ ರ‍್ಯಾಪಿಡ್ ಪ್ಲಗ್. ಅದು ಚಾಡೆಮೊ ಅನ್ನುವ ಜಪಾನಿ ಮಾದರಿ. ಯುರೋಪಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲರೂ ಸಿಸಿಎಸ್ ಅನ್ನುವ ಇನ್ನೊಂದು ಪ್ಲಗ್‌ಗೆ ಬಂದಿದ್ದಾರೆ. ಹೊಸ ಚಾರ್ಜಿಂಗ್ ಜಾಗಗಳಲ್ಲಿ ಚಾಡೆಮೊ ಒಂದೋ ಎರಡೋ ಇರುತ್ತದೆ, ಎಷ್ಟೋ ಕಡೆ ಇರುವುದೇ ಇಲ್ಲ. ದೂರ ಹೋಗುವವರು ಸಿಸಿಎಸ್ ಇರುವ ಕಾರನ್ನೇ ನೋಡಿ. ಕಿಯಾ ಇ-ನಿರೋ, ಹ್ಯುಂಡೈ ಕೋನಾ, ಎಂಜಿಯ ಕಾರುಗಳು ನಮ್ಮವರ ಹತ್ತಿರ ಜಾಸ್ತಿ ಇವೆ.

ರೆನೋ ಝೋಯಿ ನೋಡಿದರೆ ಒಂದು ವಿಷಯ ಕೇಳದೆ ಇರಬೇಡಿ. ಹಳೆಯ ಝೋಯಿಗಳಲ್ಲಿ ಎಷ್ಟೋ ಕಾರುಗಳಿಗೆ ಬ್ಯಾಟರಿ ಬಾಡಿಗೆಯದು. ಕಾರು ನಿಮ್ಮದಾದರೂ ಬ್ಯಾಟರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿರಬೇಕು. ಬೆಲೆ ಅಷ್ಟು ಕಡಿಮೆ ಇರುವುದು ಅದಕ್ಕೇ. ಬ್ಯಾಟರಿಯೂ ಸೇರಿದೆ ಅನ್ನುವುದಕ್ಕೆ ಕಾಗದ ಕೇಳಿ, ಬಾಯಿ ಮಾತು ಬೇಡ.

ಇನ್ನು ನಾಲ್ಕು ಹೆಜ್ಜೆ ನಡೆಸುವ ಕೆಲಸ. ಡ್ಯಾಶ್‌ಬೋರ್ಡ್ ಮೇಲೆ "ಇನ್ನು 140 ಮೈಲಿ" ಅಂತ ಕಾಣುವುದನ್ನು ನೆಚ್ಚಿಕೊಳ್ಳಬೇಡಿ. ಅದು ಹಿಂದಿನವರು ಎಷ್ಟು ನಿಧಾನವಾಗಿ ಓಡಿಸಿದ್ದಾರೆ ಅನ್ನುವುದರ ಮೇಲೆ ಮಾಡಿದ ಅಂದಾಜು. ಚಾರ್ಜ್ ಶೇಕಡಾ ಎಷ್ಟಿದೆ ಬರೆದುಕೊಂಡು, ಹೀಟರ್ ಹಾಕಿ, ಸ್ವಲ್ಪ ದೊಡ್ಡ ರಸ್ತೆಯಲ್ಲಿ 15 ಮೈಲಿ ಓಡಿಸಿ. 12 ಶೇಕಡಾ ಇಳಿದರೆ ಪೂರ್ತಿ ಚಾರ್ಜಿಗೆ 125 ಮೈಲಿ ಅಂತಾಯಿತು. ಇದೇ ನಿಮ್ಮ ನಿಜವಾದ ಲೆಕ್ಕ. ಬೇಸಿಗೆಯಲ್ಲಿ ಕೊಳ್ಳುತ್ತಿದ್ದರೆ ಅದರಲ್ಲಿ ಕಾಲು ಭಾಗ ಕಳೆಯಿರಿ, ಚಳಿಗಾಲ ಅಷ್ಟು ತಿನ್ನುತ್ತದೆ. ಓಡಿಸಿ ಬಂದ ಮೇಲೆ ಒಂದು ಸಾಧಾರಣ ಚಾರ್ಜರ್, ಒಂದು ರ‍್ಯಾಪಿಡ್ ಚಾರ್ಜರ್, ಎರಡಕ್ಕೂ ಸಿಕ್ಕಿಸಿ ಹತ್ತು ನಿಮಿಷ ನೋಡಿ. ಒಂದು ಕೆಲಸ ಮಾಡಿ ಇನ್ನೊಂದು ಮಾಡದ ಕಾರುಗಳಿವೆ.

ಬ್ರೇಕ್ ಕೂಡ ನೋಡಬೇಕು. ಶಿರಾಡಿ ಘಾಟಿ ಇಳಿಯುವಾಗ ನಾವು ಗೇರ್ ಇಳಿಸಿ, ಬ್ರೇಕ್ ಜಾಸ್ತಿ ತುಳಿಯದೆ ಇಳಿಯುತ್ತೇವಲ್ಲ? ಎಲೆಕ್ಟ್ರಿಕ್ ಕಾರು ಯಾವಾಗಲೂ ಹಾಗೇ ನಿಧಾನವಾಗುತ್ತದೆ, ಜೊತೆಗೆ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಹೀಗಾಗಿ ಬ್ರೇಕ್ ಬೇಗ ಸವೆಯುವುದಿಲ್ಲ, ಬದಲಿಗೆ ಅಲ್ಲಿನ ಮಳೆಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ಕಾರು ಭಾರ ಇರುವುದರಿಂದ ಟೈರ್ ಬೇಗ ಸವೆಯುತ್ತದೆ. ಇನ್ನು, ಬೆಳಿಗ್ಗೆ ಕಾರು ಎದ್ದೇಳದಿದ್ದರೆ ಹೆದರಬೇಡಿ. ಎಷ್ಟೋ ಸಲ ತಪ್ಪು ದೊಡ್ಡ ಬ್ಯಾಟರಿಯದ್ದಲ್ಲ, ಒಳಗಿರುವ ಚಿಕ್ಕ 12 ವೋಲ್ಟ್ ಬ್ಯಾಟರಿಯದ್ದು.

ಕಾಗದ ಪತ್ರದ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಲ್ಲಿ ಆರ್‌ಸಿ ನೋಡಿದರೆ ಸಾಕು, ಬ್ಯಾಂಕಿನ ಸಾಲ ಇದ್ದರೆ ಅದರಲ್ಲೇ ಬರೆದಿರುತ್ತದೆ. ಅಲ್ಲಿನ ಲಾಗ್‌ಬುಕ್, ಅಂದರೆ ವಿ5ಸಿ, ಹಾಗಲ್ಲ. ಅದರಲ್ಲಿ ಇರುವುದು ಕಾರು ಇಟ್ಟುಕೊಂಡವರ ಹೆಸರು ಮಾತ್ರ. ಅವರೇ ಮಾಲೀಕರು ಅನ್ನುವುದಕ್ಕೂ ಅದು ಸಾಕ್ಷಿ ಅಲ್ಲ. ಸಾಲ ಬಾಕಿ ಇದ್ದರೂ ಕಾಣುವುದಿಲ್ಲ. ಕೆಲವು ಪೌಂಡ್ ಕೊಟ್ಟು ಹಿಸ್ಟರಿ ಚೆಕ್ ಬೇರೆಯಾಗಿ ಮಾಡಿಸಬೇಕು. ಸಾಲ, ಕಳ್ಳತನ, ಹಿಂದೆ ಅಪಘಾತದಲ್ಲಿ ಇನ್ಶೂರೆನ್ಸ್‌ನವರು ರಿಪೇರಿಗೆ ಲಾಯಕ್ಕಿಲ್ಲ ಅಂತ ರೈಟ್ ಆಫ್ ಮಾಡಿದ್ದು, ಎಲ್ಲ ಅದರಲ್ಲಿ ಬರುತ್ತದೆ. ಇನ್ನೊಂದು ಪೂರ್ತಿ ಉಚಿತ. ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ, ಅಂದರೆ ಕಾರು ರಸ್ತೆಗಿಳಿಯಲು ಸುರಕ್ಷಿತವಾ ಅನ್ನುವ ತಪಾಸಣೆ, ಆಗಲೇಬೇಕು. ಸರ್ಕಾರದ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಪ್ರತಿ ಸಲ ಎಷ್ಟು ಮೈಲಿ ಇತ್ತು, ಏನು ದೋಷ ಬರೆದರು ಎಲ್ಲ ಸಿಗುತ್ತದೆ. ಇಲ್ಲಿ ಹಾಸನದಲ್ಲಿ ಕೂತೇ ಅದನ್ನು ನೋಡಬಹುದು. ನಿನ್ನೆ ಆ ಲೀಡ್ಸ್ ಹುಡುಗನ ಫೋನಿನಲ್ಲಿ ಮೂರು ಕಾರು ನೋಡಿದೆವು. ಒಂದರಲ್ಲಿ ಹೋದ ವರ್ಷಕ್ಕಿಂತ ಈ ವರ್ಷ ಮೈಲಿ ಕಡಿಮೆ ಇತ್ತು!

ರೋಡ್ ಟ್ಯಾಕ್ಸ್ ಕೂಡ ಬೇರೆ. ಇಲ್ಲಿ ಒಮ್ಮೆ ಲೈಫ್ ಟ್ಯಾಕ್ಸ್ ಕಟ್ಟಿದರೆ ಕಾರಿನ ಜೊತೆ ಹೋಗುತ್ತದೆ. ಅಲ್ಲಿ ಕೈ ಬದಲಾದ ಕೂಡಲೇ ಹಳೆ ಟ್ಯಾಕ್ಸ್ ಮುಗಿಯಿತು. ಕೊಂಡವರು ಓಡಿಸುವ ಮುಂಚೆ ಹೊಸದಾಗಿ ಕಟ್ಟಬೇಕು. ಎಲೆಕ್ಟ್ರಿಕ್ ಕಾರಿಗೆ ಟ್ಯಾಕ್ಸ್ ಇಲ್ಲ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ, ಅದು ಹಳೆ ಮಾತು. 2025ರ ಏಪ್ರಿಲ್ 1ರಿಂದ ಕಟ್ಟಬೇಕು. 2017ರ ಏಪ್ರಿಲ್‌ನಿಂದ ಈಚೆಗೆ, 2025ರ ಮಾರ್ಚ್ ಒಳಗೆ ರಿಜಿಸ್ಟರ್ ಆದ ಕಾರಿಗೆ 2025-26ರಲ್ಲಿ ವರ್ಷಕ್ಕೆ 195 ಪೌಂಡ್. ಅದಕ್ಕಿಂತ ಹಳೆಯದಕ್ಕೆ 20 ಪೌಂಡ್.

ಯಾರಿಂದ ಕೊಳ್ಳಬೇಕು? ಹೊಸಬರು ಡೀಲರ್ ಹತ್ತಿರವೇ ಕೊಳ್ಳಿ ಅನ್ನುತ್ತೇನೆ, ನಾಲ್ಕು ಕಾಸು ಜಾಸ್ತಿ ಆದರೂ ಸರಿ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಕಾರಿನಲ್ಲಿ ದೋಷ ಇದ್ದರೆ 30 ದಿನದ ಒಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಖಾಸಗಿಯವರಿಂದ ಕೊಂಡರೆ ಆ ಹಕ್ಕು ಇಲ್ಲ. ನಮ್ಮ ಕನ್ನಡದವರೇ ಮಾರುತ್ತಿದ್ದರೂ ಇಷ್ಟೆಲ್ಲ ನೋಡಿಯೇ ಕೊಳ್ಳಿ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು ಕೊಡುವ ಮುಂಚೆ ಆ ಕಾರಿನ ನಂಬರ್ ಹಾಕಿ ಇನ್ಶೂರೆನ್ಸ್ ಎಷ್ಟಾಗುತ್ತದೆ ನೋಡಿ. ಭಾರತದ ಲೈಸೆನ್ಸ್ ಇರುವವರಿಗೆ ಅದು ಜಾಸ್ತಿ ಬರುತ್ತದೆ, ಎದೆ ಧಸಕ್ ಅನ್ನುವಷ್ಟು. ನಮ್ಮ ಲೈಸೆನ್ಸ್‌ನಲ್ಲಿ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಟೆಸ್ಟ್ ಪಾಸಾಗಲೇಬೇಕು. ಟೆಸ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಹೋದ ಮೊದಲ ತಿಂಗಳೇ ಶುರು ಮಾಡಿ. ಎಲೆಕ್ಟ್ರಿಕ್ ಕಾರಿಗೆ ಗೇರ್ ಇಲ್ಲ. ಅದರಲ್ಲೇ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ ಕಾರಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ, ಗೇರ್ ಕಾರು ಓಡಿಸುವ ಹಾಗಿಲ್ಲ. ಅದು ಬೇಕಾ ಅಂತ ಮೊದಲೇ ಯೋಚನೆ ಮಾಡಿ.

ಕಾರು ತರುವ ದಿನ ಡಿಕ್ಕಿ ತೆಗೆದು ಕೇಬಲ್ ಇವೆಯಾ ನೋಡಿ. ಎರಡು ಇರಬೇಕು, ಮೂರು ಪಿನ್‌ನದು ಒಂದು, ರಸ್ತೆಯ ಸಾಧಾರಣ ಚಾರ್ಜರ್‌ಗೆ ಸಿಕ್ಕಿಸುವ ಟೈಪ್ 2 ಒಂದು. ಎರಡು ಕೀ ಇವೆಯಾ ಕೇಳಿ. ನಾನು ಹಾಸನಾಂಬೆ ಬಾಗಿಲು ಹಾಕುವವರೆಗೂ ಊರಲ್ಲೇ ಇರುತ್ತೇನೆ. ನೀವು ನೋಡಿಟ್ಟ ಕಾರುಗಳ ನಂಬರ್ ಬರೆದುಕೊಂಡು ಒಂದು ಸಂಜೆ ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಎಂಒಟಿ ಹಿಸ್ಟರಿ ಒಟ್ಟಿಗೆ ನೋಡೋಣ.